ಲೋಪಾಮುದ್ರಾ: ಹೆಸರಲ್ಲೇ ‘ಲೋಪ’ ಇದೆ ಅಂತಾರೆ, ಮಗಳಿಗೆ ಇಡಬಹುದಾ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಎರಡು ತಿಂಗಳು. ಭರಣಿ ನಕ್ಷತ್ರ, ನಾಲ್ಕನೇ ಪಾದ. ‘ಲೋ’ ಅಕ್ಷರದಿಂದ ಶುರುವಾಗುವ ಹೆಸರು ಬೇಕು ಅಂತ ಜೋಯಿಸರು ಹೇಳಿದ್ದಾರೆ. ನನ್ನ ತವರು ಭಾಗಮಂಡಲದ ಹತ್ತಿರ. ಹಾಗಾಗಿ ಕಾವೇರಿ ತಾಯಿಯ ಇನ್ನೊಂದು ಹೆಸರಾದ ‘ಲೋಪಾಮುದ್ರಾ’ ಅಂತ ಇಡೋಣ ಅನ್ನಿಸಿತು. ನಮ್ಮ ಯಜಮಾನರಿಗೂ ಇಷ್ಟ. ಆದರೆ ಅತ್ತೆಯವರಿಗೆ ಸಮಾಧಾನವಿಲ್ಲ. ‘ಹೆಸರಲ್ಲೇ ಲೋಪ ಇದೆಯಲ್ಲ, ಹೆಣ್ಣುಮಗುವಿಗೆ ಅಂಥ ಹೆಸರು ಯಾಕೆ’ ಅಂತಾರೆ. ಅವರು ಶುಕ್ರವಾರ ತಪ್ಪದೆ ಲಲಿತಾ ಸಹಸ್ರನಾಮ ಹೇಳುವವರು, ಅವರ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಈ ಹೆಸರಿನ ನಿಜವಾದ ಅರ್ಥ ಏನು? ಎಲ್ಲಿಂದ ಬಂತು? ಇಷ್ಟು ಅಪರೂಪ ಯಾಕೆ?

ಉತ್ತರ: ಮೊದಲು ಮಗುವಿಗೆ ನನ್ನ ಆಶೀರ್ವಾದ. ಹೆಸರು ಇಡಬಹುದು, ಸಂತೋಷವಾಗಿ ಇಡಿ. ಆದರೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಕಿವಿಗೆ ಬಿದ್ದದ್ದು ಸರಿಯಾಗಿಯೇ ಇದೆ. ಇವತ್ತಿನ ಕನ್ನಡದಲ್ಲಿ ಲೋಪ ಅಂದರೆ ಕೊರತೆ, ತಪ್ಪು. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ‘ಏನಾದರೂ ಲೋಪದೋಷ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಅಂತ ಕೈ ಮುಗಿಯುತ್ತೇವೆ. ಕಚೇರಿ ಕಾಗದದಲ್ಲಿ ‘ಕರ್ತವ್ಯಲೋಪ’ ಅಂತ ಬರೆಯುತ್ತಾರೆ. ಜೀವನಪೂರ್ತಿ ಆ ಪದವನ್ನು ಹೀಗೆ ಕೇಳಿದವರಿಗೆ ಮೊಮ್ಮಗಳ ಹೆಸರಲ್ಲಿ ಅದು ಬಂದರೆ ಕಸಿವಿಸಿ ಆಗುವುದು ಸಹಜ.

ಆದರೆ ಲೋಪ ಎಂಬ ಪದಕ್ಕೆ ತಪ್ಪು ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು. ಸಂಸ್ಕೃತದ ‘ಲುಪ್’ ಧಾತುವಿನಿಂದ ಬಂದ ಪದ ಅದು. ಇಲ್ಲವಾಗುವುದು, ಮರೆಯಾಗುವುದು ಎಂಬ ಅರ್ಥ ಅದಕ್ಕಿದೆ. ಪಾಣಿನಿ ತನ್ನ ವ್ಯಾಕರಣದಲ್ಲಿ ಎರಡೇ ಪದದಲ್ಲಿ ಹೇಳಿ ಮುಗಿಸಿದ್ದಾನೆ: ‘ಅದರ್ಶನಂ ಲೋಪಃ’. ಕಾಣದಿರುವುದೇ ಲೋಪ ಅಂತ. ಇದು ನಿಮಗೂ ಗೊತ್ತಿರುವ ವಿಷಯವೇ. ಹೈಸ್ಕೂಲಿನಲ್ಲಿ ಲೋಪ, ಆಗಮ, ಆದೇಶ ಅಂತ ಸಂಧಿ ಓದಿದ್ದೀರಲ್ಲ? ‘ಊರು’ ಮತ್ತು ‘ಅಲ್ಲಿ’ ಸೇರಿದರೆ ‘ಊರಲ್ಲಿ’. ನಡುವಿನ ಉಕಾರ ಮರೆಯಾಯಿತು. ಅಲ್ಲಿ ಯಾರೂ ತಪ್ಪು ಮಾಡಲಿಲ್ಲ. ಎರಡು ಪದ ಕೂಡಬೇಕಾದರೆ ಒಂದು ಸ್ವರ ಜಾಗ ಬಿಟ್ಟುಕೊಟ್ಟಿತು, ಅಷ್ಟೇ.

ಇನ್ನು ಮುದ್ರೆ. ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಗುರುತು, ಛಾಪು, ಒತ್ತು. ಅರಸರ ಮುದ್ರೆಯುಂಗುರದಿಂದ ಹಿಡಿದು ಭರತನಾಟ್ಯದ ಹಸ್ತಮುದ್ರೆಯವರೆಗೆ, ಅಚ್ಚುಮನೆಯ ಮುದ್ರಣದವರೆಗೆ ಎಲ್ಲ ಕಡೆ ಆ ಪದ ಇದೆ.

ಈ ಎರಡನ್ನು ಸೇರಿಸಿ ಅರ್ಥ ಹೇಳುವಾಗಲೇ ಪಂಡಿತರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಹೆಸರಿನ ನಡುವೆ ‘ಪಾ’ ದೀರ್ಘ ಇರುವುದನ್ನು ಗಮನಿಸಿ. ಸುಮ್ನೆ ಲೋಪ ಮತ್ತು ಮುದ್ರೆ ಸೇರಿದ್ದರೆ ‘ಲೋಪಮುದ್ರಾ’ ಆಗಬೇಕಿತ್ತು. ಆದ್ದರಿಂದ ಕೆಲವರು ‘ಲೋಪಾ’ ಎಂಬುದನ್ನೇ ಸ್ತ್ರೀಲಿಂಗದ ಪದವಾಗಿ ತೆಗೆದುಕೊಳ್ಳುತ್ತಾರೆ. ತನ್ನ ಚೆಲುವಿನಿಂದ ಬೇರೆ ಹೆಂಗಸರ ರೂಪದ ಗರ್ವವನ್ನು ಇಲ್ಲವಾಗಿಸುವವಳು ಅಂತ ಅವರ ವಿವರಣೆ. ಇನ್ನೊಂದು ವಿವರಣೆ ಹೆಚ್ಚು ಜನಪ್ರಿಯ. ಅಗಸ್ತ್ಯ ಮುನಿ ಒಂದೊಂದು ಪ್ರಾಣಿಯಿಂದ ಒಂದೊಂದು ಚಂದದ ಗುರುತನ್ನು ತೆಗೆದುಕೊಂಡು, ಮುಂದೆ ತನ್ನ ಹೆಂಡತಿಯಾದ ಲೋಪಾಮುದ್ರೆಯನ್ನು ರೂಪಿಸಿದ. ಜಿಂಕೆಯ ಕಣ್ಣಿನ ಹಾಗೆ. ಆ ಪ್ರಾಣಿಗಳ ಮುದ್ರೆ ಲೋಪವಾಗಿ ಇವಳಲ್ಲಿ ಬಂದು ಸೇರಿತು, ಅದಕ್ಕೇ ಈ ಹೆಸರು ಅಂತ ಹೇಳುತ್ತಾರೆ. ಹೀಗೆ ನೋಡಿದರೂ ಲೋಪ ಆದದ್ದು ಬೇರೆಯವರಿಗೆ, ಇವಳಿಗಲ್ಲ. ಅತ್ತೆಯವರಿಗೆ ಇದನ್ನು ಹೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಇವೆಲ್ಲ ಹೆಸರು ಹುಟ್ಟಿ ಎಷ್ಟೋ ಕಾಲವಾದ ಮೇಲೆ ಹುಡುಕಿದ ಅರ್ಥಗಳು. ಪ್ರಾಣಿಗಳ ಅಂದ ಸೇರಿಸಿ ಹೆಣ್ಣನ್ನು ರೂಪಿಸಿದ ಕಥೆ ಮಹಾಭಾರತದಲ್ಲಿದೆ. ಆದರೆ ಆ ಕಥೆಯಿಂದಲೇ ಹೆಸರು ಬಂತು ಅಂತ ಅಲ್ಲಿ ಹೇಳಿಲ್ಲ. ಬ್ರಾಹ್ಮಣರು ಅವಳಿಗೆ ಲೋಪಾಮುದ್ರಾ ಅಂತ ಹೆಸರಿಟ್ಟರು ಅಂತ ಇದೆ, ಅಷ್ಟೇ. ಹೆಸರು ಮಹಾಭಾರತಕ್ಕಿಂತಲೂ ತುಂಬ ಹಳೆಯದು. ಹೆಸರಿನ ಪುಸ್ತಕಗಳಲ್ಲಿ ನೋಡಿದರೆ ‘ವಿದುಷಿ’, ‘ಅಗಸ್ತ್ಯರ ಪತ್ನಿ’ ಅಂತ ಅರ್ಥ ಕೊಟ್ಟಿರುತ್ತಾರೆ. ಅದು ಪದದ ಅರ್ಥ ಅಲ್ಲ, ಆ ಹೆಸರು ಹೊತ್ತವಳ ಪರಿಚಯ. ಇಷ್ಟು ಹಳೆಯ ಹೆಸರಿಗೆ ಆ ಪರಿಚಯವೇ ಮುಖ್ಯ ಅನ್ನುವುದು ನನ್ನ ನಂಬಿಕೆ. ಸೀತಾ ಅಂದರೆ ನೇಗಿಲ ಗೆರೆ. ಆದರೆ ಸೀತಾ ಅಂತ ಕರೆಯುವಾಗ ಯಾರ ಕಣ್ಣ ಮುಂದೆ ನೇಗಿಲ ಗೆರೆ ಬರುತ್ತದೆ? ಹಾಗಾದರೆ ಲೋಪಾಮುದ್ರಾ ಅಂದಾಗ ಯಾರು ಬರಬೇಕು ಅಂತ ನೋಡೋಣ.

ಅವಳು ಮೊದಲು ಸಿಗುವುದು ಋಗ್ವೇದದಲ್ಲಿ. ಮೊದಲನೆಯ ಮಂಡಲದ 179ನೆಯ ಸೂಕ್ತ. ಆರೇ ಆರು ಮಂತ್ರಗಳು. ಅದರಲ್ಲಿ ಮೊದಲ ಎರಡು ಲೋಪಾಮುದ್ರೆಯ ಮಾತು ಅಂತ ಸಂಪ್ರದಾಯ ಹೇಳುತ್ತದೆ. 3000 ವರ್ಷಕ್ಕೂ ಹಿಂದಿನ ಹೆಣ್ಣಿನ ದನಿ ಅದು. ಅವಳು ಗಂಡನಿಗೆ ಹೇಳುತ್ತಾಳೆ: ಎಷ್ಟೋ ಶರತ್ಕಾಲ ಕಳೆದವು, ಹಗಲು ರಾತ್ರಿ ದುಡಿದು ದಣಿದಿದ್ದೇನೆ. ಬೆಳಗಾದ ಹಾಗೆಲ್ಲ ವಯಸ್ಸಾಗುತ್ತಿದೆ. ಮುಪ್ಪು ಮೈಯ ಚೆಲುವನ್ನು ಕರಗಿಸುತ್ತದೆ. ಗಂಡ ಹೆಂಡತಿಯ ಬಳಿಗೆ ಬರಬೇಕಲ್ಲವೇ?

ಗಂಡ ತಪಸ್ಸಿನಲ್ಲಿ ಮುಳುಗಿದ ಋಷಿ. ಅವನ ಜೊತೆ ತಾನೂ ವ್ರತ ನಡೆಸಿ ಸಾಕಾದ ಹೆಣ್ಣು ತನಗೆ ಬೇಕಾದ್ದನ್ನು ಬಾಯಿ ಬಿಟ್ಟು ಕೇಳುತ್ತಿದ್ದಾಳೆ. ನಾಚಿಕೆ ಇಲ್ಲ, ಜಗಳವೂ ಇಲ್ಲ. ಹಿಂದೆ ಸತ್ಯದ ದಾರಿಯಲ್ಲಿ ನಡೆದ ದೊಡ್ಡವರು ಕೂಡ ತಪಸ್ಸಿನ ಕೊನೆ ಮುಟ್ಟಲಿಲ್ಲ ಅಂತ ವಾದವನ್ನೂ ಮುಂದಿಡುತ್ತಾಳೆ. ಅಗಸ್ತ್ಯ ಅವಳ ಮಾತು ಕೇಳುತ್ತಾನೆ. ನಾವಿಬ್ಬರೂ ಜೋಡಿಯಾಗಿ ಹೊರಟರೆ ಎಂಥ ಪಂದ್ಯವನ್ನಾದರೂ ಗೆಲ್ಲಬಹುದು ಅನ್ನುತ್ತಾನೆ. ಕೊನೆಯ ಮಂತ್ರದಲ್ಲಿ ಅಗಸ್ತ್ಯನನ್ನು ಗುದ್ದಲಿ ಹಿಡಿದು ಅಗೆಯುವವನ ಹಾಗೆ ವರ್ಣಿಸಲಾಗಿದೆ. ಮಕ್ಕಳು, ಸಂತತಿ, ಬಲ ಬಯಸಿ ಅಗೆದವನು ಅಂತ. ತಪಸ್ಸು ಮತ್ತು ಸಂಸಾರ ಎರಡನ್ನೂ ಅವನು ಸಾಕಿ ಬೆಳೆಸಿದ ಎಂದು ಅದಕ್ಕೆ ಅರ್ಥ ಹೇಳುವವರಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಆ ಎರಡನೆಯದನ್ನು ಅವನಿಗೆ ನೆನಪಿಸಿದವಳು ಲೋಪಾಮುದ್ರೆ.

ಋಗ್ವೇದದ ಮಂತ್ರಗಳ ಜೊತೆ ಹೆಸರು ಸೇರಿದ ಹೆಂಗಸರು ಹೆಚ್ಚಿಲ್ಲ. ಘೋಷಾ, ಅಪಾಲಾ, ವಿಶ್ವವಾರಾ, ರೋಮಶಾ, ಹೀಗೆ ಕೆಲವರು. ಬ್ರಹ್ಮವಾದಿನಿಯರು ಅಂತ ಅವರನ್ನು ಕರೆಯುತ್ತಾರೆ. ‘ಬೃಹದ್ದೇವತಾ’ ಎಂಬ ಹಳೆಯ ಗ್ರಂಥ ಅವರ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಲೋಪಾಮುದ್ರೆಯೂ ಇದ್ದಾಳೆ. ‘ವಿದುಷಿ’ ಅಂತ ಹೆಸರಿನ ಪುಸ್ತಕಗಳು ಬರೆಯುವುದು ಇದಕ್ಕೇ.

ಮಹಾಭಾರತದಲ್ಲಿ ಅವಳ ಕಥೆ ದೊಡ್ಡದಾಗುತ್ತದೆ. ವನಪರ್ವದಲ್ಲಿ ಲೋಮಶ ಮುನಿ ಅದನ್ನು ಪಾಂಡವರಿಗೆ ಹೇಳುತ್ತಾನೆ. ಅಗಸ್ತ್ಯನಿಗೆ ತನ್ನ ಪಿತೃಗಳು ಹಳ್ಳದಲ್ಲಿ ತಲೆಕೆಳಗಾಗಿ ನೇತಾಡುವುದು ಕಾಣುತ್ತದೆ. ನಿನಗೆ ಮಕ್ಕಳಾದರೆ ಮಾತ್ರ ನಮಗೆ ಗತಿ ಅನ್ನುತ್ತಾರೆ. ಅವನು ಒಂದೊಂದು ಜೀವಿಯ ಒಳ್ಳೆಯ ಅಂಗವನ್ನು ಸೇರಿಸಿ ಹೆಣ್ಣುಮಗುವನ್ನು ರೂಪಿಸಿ, ಮಕ್ಕಳಿಗಾಗಿ ತಪಸ್ಸು ಮಾಡುತ್ತಿದ್ದ ವಿದರ್ಭದ ರಾಜನಿಗೆ ಕೊಡುತ್ತಾನೆ. ಮಗು ನೀರಿನಲ್ಲಿ ತಾವರೆ ಬೆಳೆದ ಹಾಗೆ ಬೆಳೆಯುತ್ತದೆ. ವಯಸ್ಸಿಗೆ ಬಂದಾಗ ಅಗಸ್ತ್ಯ ಬಂದು ಕೇಳುತ್ತಾನೆ. ನಾರುಮಡಿಯ ಮುನಿಗೆ ಮಗಳನ್ನು ಕೊಡಲು ರಾಜನಿಗೆ ಮನಸ್ಸಿಲ್ಲ, ಇಲ್ಲ ಅನ್ನಲು ಧೈರ್ಯವೂ ಇಲ್ಲ. ಆಗ ಮಗಳೇ ಮುಂದೆ ಬಂದು, ‘ನನ್ನನ್ನು ಕೊಡಿ, ನೀವು ಸಂಕಟಪಡಬೇಡಿ’ ಅನ್ನುತ್ತಾಳೆ.

ಮದುವೆಯಾದ ಕೂಡಲೇ ಗಂಡ, ಈ ರೇಷ್ಮೆ, ಒಡವೆ ಎಲ್ಲ ಬಿಡು ಅನ್ನುತ್ತಾನೆ. ಬಿಡುತ್ತಾಳೆ. ನಾರುಮಡಿ ಉಟ್ಟು ಗಂಗಾದ್ವಾರದಲ್ಲಿ, ಅಂದರೆ ಇಂದಿನ ಹರಿದ್ವಾರದಲ್ಲಿ, ಅವನ ಜೊತೆ ತಪಸ್ಸಿಗೆ ಕೂರುತ್ತಾಳೆ. ಎಷ್ಟೋ ಕಾಲದ ಮೇಲೆ ಗಂಡ ಅವಳನ್ನು ಕರೆಯುತ್ತಾನೆ. ಆಗ ಅವಳು ಕೈ ಜೋಡಿಸಿ ಮೆಲ್ಲಗೆ ಹೇಳುತ್ತಾಳೆ: ನನ್ನ ತಂದೆಯ ಮನೆಯಲ್ಲಿ ಎಂಥ ಹಾಸಿಗೆ ಇತ್ತೋ ಅಂಥದ್ದು ಬೇಕು. ನೀವು ಮಾಲೆ ಹಾಕಿಕೊಂಡು, ಒಡವೆ ಇಟ್ಟುಕೊಂಡು ಬನ್ನಿ. ನಾನೂ ಸಿಂಗರಿಸಿಕೊಂಡು ಬರುತ್ತೇನೆ. ಈ ಹಳೆಯ ಕಾವಿಯಲ್ಲಿ ಬೇಡ.

ನಾನು ಈ ಭಾಗವನ್ನು ಓದಿದಾಗಲೆಲ್ಲ ನಿಲ್ಲುತ್ತೇನೆ. ಅವಳು ಬಿಡಬೇಕಾದಾಗ ಎಲ್ಲವನ್ನೂ ಬಿಟ್ಟವಳು. ಕೇಳಬೇಕಾದಾಗ ಕೇಳಿಯೂ ಕೇಳಿದಳು. ಅಗಸ್ತ್ಯ ನನ್ನ ಹತ್ತಿರ ದುಡ್ಡಿಲ್ಲ ಅನ್ನುತ್ತಾನೆ. ನಿಮ್ಮ ತಪಸ್ಸಿಗೆ ಯಾವುದು ಅಸಾಧ್ಯ ಅಂತ ಇವಳ ಉತ್ತರ. ಹಾಗೆ ಮಾಡಿದರೆ ತಪಸ್ಸು ಸವೆಯುತ್ತದೆ ಅಂತ ಅವನು. ತಪಸ್ಸು ಸವೆಯದ ಹಾಗೆ, ಧರ್ಮ ಕೆಡದ ಹಾಗೆ ತನ್ನಿ ಅಂತ ಇವಳು. ಅವನು ಹೊರಡುತ್ತಾನೆ. ಮೂವರು ರಾಜರ ಬಳಿ ಹೋಗಿ ಅವರ ಆದಾಯ, ಖರ್ಚು ನೋಡುತ್ತಾನೆ. ಎರಡೂ ಸಮ. ತೆಗೆದುಕೊಂಡರೆ ಪ್ರಜೆಗಳಿಗೆ ತೊಂದರೆ ಅಂತ ಬಿಟ್ಟು ಮುಂದೆ ಹೋಗುತ್ತಾನೆ. ಕೊನೆಗೆ ಸಿಗುವವನು ಸಿರಿವಂತ ರಾಕ್ಷಸ ಇಲ್ವಲ.

ಅಲ್ಲಿಂದ ಮುಂದಿನದು ನಮಗೆಲ್ಲ ಬಾಯಿಪಾಠ. ಇಲ್ವಲನ ತಮ್ಮ ವಾತಾಪಿ ಟಗರಾಗುವುದು, ಅಡುಗೆಯಾಗುವುದು, ತಿಂದವರ ಹೊಟ್ಟೆ ಸೀಳಿ ಬರುವುದು. ಅಗಸ್ತ್ಯ ಮಾತ್ರ ಅವನನ್ನು ಅರಗಿಸಿಕೊಂಡ. ಮಗುವಿಗೆ ಹಾಲು ಕುಡಿಸಿ ಹೊಟ್ಟೆ ಸವರುತ್ತಾ ‘ವಾತಾಪಿ ಜೀರ್ಣೋ ಭವ’ ಅಂತ ನಿಮ್ಮ ಮನೆಯಲ್ಲೂ ಹೇಳುತ್ತಿರಬಹುದು. ಬಾದಾಮಿಯ ಹಳೆಯ ಹೆಸರೇ ವಾತಾಪಿ. 6ನೇ ಶತಮಾನದಲ್ಲಿ ಚಾಲುಕ್ಯರು ಅಲ್ಲಿ ಕೋಟೆ ಕಟ್ಟಿದರು. ಅಲ್ಲಿಯ ಕೆರೆಯನ್ನು ಇವತ್ತಿಗೂ ಅಗಸ್ತ್ಯ ತೀರ್ಥ ಅಂತಲೇ ಕರೆಯುತ್ತಾರೆ. ಆದರೆ ಅಗಸ್ತ್ಯ ಇಲ್ವಲನ ಮನೆಗೆ ಹೋದದ್ದು ಯಾಕೆ ಅಂತ ನಾವು ಕಥೆ ಹೇಳುವಾಗ ಬಿಟ್ಟುಬಿಡುತ್ತೇವೆ. ಹೆಂಡತಿ ಕೇಳಿದ ಹಾಸಿಗೆ, ಒಡವೆ ತರೋಕೆ ಹೋದದ್ದು! ವಾತಾಪಿಯ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಕಾರಣಳಾದವಳ ಹೆಸರು ಮರೆಯಾಗಿದೆ.

ಕೊನೆಯಲ್ಲಿ ಅಗಸ್ತ್ಯ ಕೇಳುತ್ತಾನೆ: ಸಾವಿರ ಮಕ್ಕಳು ಬೇಕೋ, ಹತ್ತು ಜನಕ್ಕೆ ಸಮನಾದ ನೂರು ಮಕ್ಕಳೋ, ನೂರು ಜನಕ್ಕೆ ಸಮನಾದ ಹತ್ತು ಮಕ್ಕಳೋ, ಸಾವಿರ ಜನರನ್ನು ಗೆಲ್ಲುವ ಒಬ್ಬನೋ? ಅವಳು ಹಿಂದೆಮುಂದೆ ನೋಡದೆ ಒಬ್ಬನೇ ಸಾಕು ಅನ್ನುತ್ತಾಳೆ. ಕೆಟ್ಟವರು ಎಷ್ಟು ಜನ ಇದ್ದರೇನು, ತಿಳಿದ ಒಳ್ಳೆಯವನೊಬ್ಬ ಮೇಲು ಅಂತ. ಏಳು ವರ್ಷ ಗರ್ಭದಲ್ಲಿದ್ದು ಹುಟ್ಟಿದ ಆ ಮಗ ದೃಢಸ್ಯು.

ಈಗ ನಿಮ್ಮ ತವರಿಗೆ ಬರುತ್ತೇನೆ. ಕೊಡಗಿನವರಾದ್ದರಿಂದ ಕಾವೇರಿಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸ್ಕಾಂದ ಪುರಾಣದ್ದು ಅಂತ ಹೇಳುವ ಕಾವೇರಿ ಮಾಹಾತ್ಮ್ಯದಲ್ಲಿ ಲೋಪಾಮುದ್ರೆ ವಿದರ್ಭದ ರಾಜಕುಮಾರಿ ಅಲ್ಲ, ಬ್ರಹ್ಮನ ಮಗಳು. ಬ್ರಹ್ಮಗಿರಿಯಲ್ಲಿ ತಪಸ್ಸು ಮಾಡುತ್ತಿದ್ದ ಕವೇರ ಮುನಿಗೆ ಮಗಳಾಗಿ ಸಿಕ್ಕಿದ್ದರಿಂದ ಕಾವೇರಿ ಆದಳು. ಅಗಸ್ತ್ಯ ಮದುವೆಯಾಗುವಂತೆ ಕೇಳಿದಾಗ ಅವಳು ಷರತ್ತು ಹಾಕಿದಳು: ನನ್ನನ್ನು ಒಂಟಿಯಾಗಿ ಬಿಟ್ಟು ಹೋದರೆ ನಾನು ಹೊರಟುಬಿಡುತ್ತೇನೆ. ಒಂದು ದಿನ ಅವನು ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದ. ಅವಳು ಉಕ್ಕಿ ಹರಿದಳು. ಶಿಷ್ಯರು ತಡೆಯಲು ಬಂದರು. ಅವಳು ನೆಲದೊಳಗೆ ಇಳಿದು ಕಾಣದಾದಳು. ಮತ್ತೆ ಕಾಣಿಸಿಕೊಂಡದ್ದು ಕೆಳಗೆ ಭಾಗಮಂಡಲದ ಬಳಿ. ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸಿದ ಅಂತ ಹೇಳುವವರೂ ಇದ್ದಾರೆ, ತಮಿಳುನಾಡಿನ ಕಡೆ ಅದು ಜಾಸ್ತಿ. ಕೊಡಗಿನ ಕಥೆಯಲ್ಲಿ ಅವಳು ತಾನಾಗಿಯೇ ಹೊರಟವಳು. ಅರ್ಧ ಶರೀರದಿಂದ ಲೋಪಾಮುದ್ರೆಯಾಗಿ ಗಂಡನ ಜೊತೆ ಉಳಿದು, ಇನ್ನರ್ಧದಿಂದ ನದಿಯಾದಳು ಅಂತಲೂ ಹೇಳುತ್ತಾರೆ.

ಈ ಕಥೆಯನ್ನು ಪಾಣಿನಿಯ ಸೂತ್ರದ ಪಕ್ಕ ಇಟ್ಟು ನೋಡಿ. ಅದರ್ಶನಂ ಲೋಪಃ. ತಲಕಾವೇರಿಯ ಕುಂಡಿಕೆಯಿಂದ ಹೊರಟ ನೀರು ನೆಲದಡಿ ಮರೆಯಾಗುತ್ತದೆ, ಕೆಳಗೆ ಮತ್ತೆ ಕಾಣಿಸುತ್ತದೆ. ಆಮೇಲೆ ಕನ್ನಿಕೆ, ಸುಜ್ಯೋತಿ ನದಿಗಳನ್ನು ಕೂಡಿಕೊಂಡು ಸುಮಾರು 800 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಮರೆಯಾಗಿ ಮತ್ತೆ ಬರುವವಳಿಗೆ ಲೋಪಾಮುದ್ರಾ ಅಂತ ಹೆಸರು. ಇದು ನಿಘಂಟಿನ ಅರ್ಥ ಅಂತ ನಾನು ಹೇಳುವುದಿಲ್ಲ, ನನಗೆ ತೋರಿದ ಅರ್ಥ. ಆದರೆ ಪ್ರತಿ ವರ್ಷ ಅಕ್ಟೋಬರ್ ನಡುವಿನಲ್ಲಿ, ತುಲಾ ಸಂಕ್ರಮಣದ ದಿನ, ಆ ಪುಟ್ಟ ಕುಂಡಿಕೆಯ ಸುತ್ತ ಸಾವಿರಾರು ಜನ ಕಾಯುವುದು ಇದಕ್ಕೇ ಅಲ್ವಾ? ಕಾಣದೆ ಇದ್ದವಳು ಕಾಣಿಸಿಕೊಳ್ಳಲಿ ಅಂತ. ನಿಮ್ಮ ಊರಿನ ಮಗುವಿಗೆ ಇದಕ್ಕಿಂತ ಹತ್ತಿರದ ಅರ್ಥ ಬೇರೆ ಇಲ್ಲ.

ಮೂರು ಕಡೆಯ ಕಥೆ ಬೇರೆ ಬೇರೆ. ತಂದೆ ಬೇರೆ, ಊರು ಬೇರೆ, ಕೊನೆಯೂ ಬೇರೆ. ಆದರೆ ಹೆಣ್ಣು ಒಬ್ಬಳೇ. ವೇದದಲ್ಲಿ ಗಂಡನ ಮುಂದೆ ಮಾತಾಡಿದವಳು, ಮಹಾಭಾರತದಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡವಳು, ಕೊಡಗಿನಲ್ಲಿ ಕೊಟ್ಟ ಮಾತು ತಪ್ಪಿದಾಗ ಎದ್ದು ಹೊರಟವಳು. ಹಾಗಂತ ಅವಳನ್ನು ಯಾರೂ ಗಯ್ಯಾಳಿ ಅನ್ನಲಿಲ್ಲ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ರಾವಣನಿಗೆ ಒಲಿ ಅಂತ ರಾಕ್ಷಸಿಯರು ಪೀಡಿಸುವಾಗ ಸೀತೆ ತಾನು ರಾಮನಿಗೆ ಹೇಗೆ ಅಂತ ಹೇಳಲು ಕೆಲವರ ಹೆಸರು ಎತ್ತುತ್ತಾಳೆ. ಇಂದ್ರನಿಗೆ ಶಚಿ, ವಸಿಷ್ಠನಿಗೆ ಅರುಂಧತಿ, ಚಂದ್ರನಿಗೆ ರೋಹಿಣಿ, ಅಗಸ್ತ್ಯನಿಗೆ ಲೋಪಾಮುದ್ರೆ. ಅರುಂಧತಿಯ ಸಾಲಿನಲ್ಲಿ ನಿಂತ ಹೆಸರು ಅಂದರೆ ಅಶುಭದ ಮಾತೇ ಇಲ್ಲ.

ಅರುಂಧತಿ ಅಂದಾಗ ನೆನಪಾಯಿತು. ಜನವರಿ, ಫೆಬ್ರವರಿಯ ರಾತ್ರಿ ದಕ್ಷಿಣ ದಿಕ್ಕಿಗೆ ತಿರುಗಿ ನೋಡಿ. ಕೆಳಗಡೆ ತುಂಬ ಹೊಳೆಯುವ ನಕ್ಷತ್ರ ಕಾಣುತ್ತದೆ. ಅದೇ ಅಗಸ್ತ್ಯ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಮೂಡಿದಾಗ ಅರ್ಘ್ಯ ಕೊಡುವ ಪದ್ಧತಿ ಪುರಾಣಗಳಲ್ಲಿದೆ. ಅಲ್ಲಿ ಲೋಪಾಮುದ್ರೆಗೂ ಬೇರೆಯಾಗಿ ಅರ್ಘ್ಯ ಉಂಟು.

ಇನ್ನು ಅಪರೂಪದ ವಿಷಯ. ನಮ್ಮ ದೇಶದಲ್ಲಿ ಯಾವ ಹೆಸರನ್ನು ಎಷ್ಟು ಮಕ್ಕಳಿಗೆ ಇಟ್ಟರು ಅಂತ ಸರ್ಕಾರ ವರ್ಷ ವರ್ಷ ಪಟ್ಟಿ ಹಾಕುವ ರೂಢಿ ಇಲ್ಲ. ಅಮೆರಿಕದಲ್ಲಿ 1880ರಿಂದ ಈಚಿನ ಲೆಕ್ಕ ಸಿಗುತ್ತದೆ. ಅಲ್ಲಿ ಕೂಡ ವರ್ಷಕ್ಕೆ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಪಟ್ಟಿಗೆ ಬರುವುದಿಲ್ಲ. ಆದ್ದರಿಂದ ‘ಇಷ್ಟನೇ ಸ್ಥಾನದ ಹೆಸರು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣಿಗೆ ಕಾಣುವುದನ್ನು ಹೇಳಬಹುದು. ಬಂಗಾಳ, ಒಡಿಶಾದ ಕಡೆ ಈ ಹೆಸರು ಬಳಕೆಯಲ್ಲಿದೆ. ಲೋಪಾಮುದ್ರಾ ಮಿತ್ರಾ ಬಂಗಾಳದ ಹೆಸರಾಂತ ಗಾಯಕಿ. ಕೆಲವು ವರ್ಷಗಳ ಹಿಂದೆ ಸೌಂದರ್ಯ ಸ್ಪರ್ಧೆಯಲ್ಲಿ ಹೆಸರು ಮಾಡಿದ ಲೋಪಾಮುದ್ರಾ ರಾವುತ್ ನಾಗಪುರದವರು. ನಾಗಪುರ ಇರುವುದು ವಿದರ್ಭದಲ್ಲೇ ಅನ್ನುವುದು ನನಗೆ ಖುಷಿ ಕೊಡುವ ಸಂಗತಿ. ಹೆಸರು ತವರಿಗೆ ಹೋಗಿ ಬಂದ ಹಾಗಿದೆ. ರುಕ್ಮಿಣಿ, ದಮಯಂತಿಯರೂ ಅದೇ ವಿದರ್ಭದ ಹೆಣ್ಣುಮಕ್ಕಳು. ಆ ಎರಡು ಹೆಸರು ನಮ್ಮಲ್ಲಿ ಓಡಾಡಿದಷ್ಟು ಇದು ಓಡಾಡಲಿಲ್ಲ.

ಬಂಗಾಳದಲ್ಲಿ ಇದು ಉಳಿಯಲು ಒಂದು ಕಾರಣ ಅವರ ಪದ್ಧತಿ ಅಂತ ನನಗೆ ಅನ್ನಿಸುತ್ತದೆ. ಅವರಿಗೆ ಎರಡು ಹೆಸರು. ಹೊರಗೆ ಬಳಸುವ ‘ಭಾಲೋ ನಾಮ್’ ಉದ್ದವಾಗಿ, ಗಂಭೀರವಾಗಿ ಇರುತ್ತದೆ. ಮನೆಯಲ್ಲಿ ಕರೆಯುವ ‘ಡಾಕ್ ನಾಮ್’ ಚಿಕ್ಕದು, ಮುದ್ದಿನದು. ಹಾಗಾಗಿ ಹೆಸರು ಉದ್ದ ಆಯಿತು ಅನ್ನುವ ಚಿಂತೆ ಇಲ್ಲ. ನಮ್ಮಲ್ಲಿ ಇದು ಕಡಿಮೆಯಾಗಲು ‘ಲೋಪದೋಷ’ದ ಭಯ ಒಂದು ಕಾರಣ. ಇನ್ನೊಂದು ಕಾರಣ ಕಾವೇರಿಯೇ. ಕೊಡಗಿನಿಂದ ಮಂಡ್ಯದವರೆಗೆ, ಮೈಸೂರಿನವರೆಗೆ ಆ ತಾಯಿಯ ಹೆಸರಿಡಬೇಕು ಅನ್ನಿಸಿದವರೆಲ್ಲ ಕಾವೇರಿ ಅಂತ ಇಟ್ಟರು. ಲೋಪಾಮುದ್ರಾ ಆ ಹೆಸರಿನ ಹಿಂದೆ ನಿಂತುಬಿಟ್ಟಳು.

ಭರಣಿ ನಾಲ್ಕನೇ ಪಾದದ ಮಕ್ಕಳ ತಾಯ್ತಂದೆಯರ ಕಷ್ಟ ನನಗೆ ಗೊತ್ತು. ‘ಲೋ’ ಅಕ್ಷರಕ್ಕೆ ಹೆಣ್ಣು ಹೆಸರುಗಳೇ ಕಡಿಮೆ. ಲೋಚನಾ, ಲೋಹಿತಾ, ಲೋಲಾಕ್ಷಿ, ಲೋಕೇಶ್ವರಿ. ಅಷ್ಟರಲ್ಲಿ ಮುಗಿಯುತ್ತದೆ. ಇವುಗಳ ನಡುವೆ ಮೂರು ಸಾವಿರ ವರ್ಷದ ಕಥೆ ಇರುವ ಹೆಸರು ಇದೊಂದೇ.

ಬಳಕೆಯ ಬಗ್ಗೆ ಕೆಲವು ಮಾತು. ಮನೆಯಲ್ಲಿ ‘ಲೋಪಾ’ ಅಂತ ಚಿಕ್ಕದು ಮಾಡಬೇಡಿ. ಬಂಗಾಳಿಯಲ್ಲಿ ಅದು ಚೆಂದ. ಕನ್ನಡದಲ್ಲಿ ಶಾಲೆಗೆ ಹೋದ ಮೇಲೆ ಮಕ್ಕಳು ಆ ಪದವನ್ನೇ ಹಿಡಿದು ಆಡಿಕೊಳ್ಳುತ್ತಾರೆ. ‘ಲೋ’ ಅಂತಲಂತೂ ಕರೆಯಲೇಬೇಡಿ, ಅದು ನಮ್ಮಲ್ಲಿ ಹುಡುಗರನ್ನು ಕೂಗುವ ಮಾತು. ‘ಮುದ್ರಾ’ ಅಂತ ಕರೆಯಿರಿ. ಹಾಗೆ ಕರೆದರೆ ಎರಡೇ ವಾರದಲ್ಲಿ ಅದು ‘ಮುದ್ದು’ ಆಗುತ್ತದೆ. ಅತ್ತೆಯವರಿಗೆ ಅದೂ ಕಷ್ಟ ಅನ್ನಿಸಿದರೆ ಮನೆಯ ಹೆಸರು ಕಾವೇರಿ ಅಂತಲೇ ಇರಲಿ. ಎರಡೂ ಒಬ್ಬಳದೇ ಹೆಸರಲ್ಲವೇ?

ಬರೆಯುವಾಗ ‘ಪಾ’ ದೀರ್ಘ ಮರೆಯಬೇಡಿ. ‘ಲೋಪಮುದ್ರ’ ಅಂತ ಬರೆದರೆ ಅತ್ತೆಯವರು ಹೆದರಿದ ಅರ್ಥವೇ ಎದ್ದು ಕಾಣುತ್ತದೆ. ಕಥೆ ಹೇಳುವಾಗ ಕನ್ನಡದ ಜಾಯಮಾನಕ್ಕೆ ‘ಲೋಪಾಮುದ್ರೆ’ ಅನ್ನುತ್ತೇವೆ, ಸೀತಾ ಸೀತೆಯಾದ ಹಾಗೆ. ದಾಖಲೆಯಲ್ಲಿ ‘ಲೋಪಾಮುದ್ರಾ’ ಇರಲಿ. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ, ದೀರ್ಘಕ್ಕೆ ಇನ್ನೊಂದು ‘ಎ’ ಸೇರಿಸಲು ಹೋಗಬೇಡಿ. ಜನನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಆಧಾರ್‌ನಲ್ಲೂ ಶಾಲೆಯಲ್ಲೂ ಹಾಗೇ ಇರಲಿ. ಅವಸರವೂ ಇಲ್ಲ. ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಲ್ಲಿಯವರೆಗೆ ಅತ್ತೆಯವರ ಜೊತೆ ಕೂತು ಮಾತಾಡಿ.

ಮಾತಾಡುವಾಗ ಒಂದು ವಿಷಯ ಅವರಿಗೆ ಹೇಳಿ. ಶ್ರೀವಿದ್ಯೆಯಲ್ಲಿ, ಅಂದರೆ ಲಲಿತಾ ದೇವಿಯ ಮಂತ್ರೋಪಾಸನೆಯಲ್ಲಿ, ಲೋಪಾಮುದ್ರೆಗೆ ದೊಡ್ಡ ಜಾಗ ಇದೆ. ಅದರ ಹದಿನೈದು ಅಕ್ಷರದ ಪಂಚದಶೀ ಮಂತ್ರದಲ್ಲಿ ‘ಕ’ದಿಂದ ಶುರುವಾಗುವ ಕಾದಿ, ‘ಹ’ದಿಂದ ಶುರುವಾಗುವ ಹಾದಿ ಅಂತ ಎರಡು ಕ್ರಮ. ಅದರಲ್ಲಿ ಹಾದಿ ವಿದ್ಯೆಯನ್ನು ಅವಳ ಹೆಸರಿನಿಂದಲೇ ಗುರುತಿಸುತ್ತಾರೆ. ಲಲಿತಾ ಸಹಸ್ರನಾಮವನ್ನು ಹಯಗ್ರೀವರು ಉಪದೇಶ ಮಾಡಿದ್ದು ಅವಳ ಗಂಡ ಅಗಸ್ತ್ಯರಿಗೆ. ಆ ಸಾವಿರ ಹೆಸರುಗಳಲ್ಲಿ ಒಂದು ‘ಲೋಪಾಮುದ್ರಾರ್ಚಿತಾ’. ಲೋಪಾಮುದ್ರೆ ಪೂಜಿಸಿದ ದೇವಿ ಅಂತ. ‘ಸರ್ವವೇದಾಂತಸಂವೇದ್ಯಾ ಸತ್ಯಾನಂದಸ್ವರೂಪಿಣೀ’ ಆದ ಕೂಡಲೇ ಬರುತ್ತದೆ. ನಿಮ್ಮ ಅತ್ತೆಯವರು ಇಷ್ಟು ವರ್ಷ ಪ್ರತಿ ಶುಕ್ರವಾರ ಆ ಹೆಸರನ್ನು ಹೇಳುತ್ತಲೇ ಬಂದಿದ್ದಾರೆ. ಬರುವ ಶುಕ್ರವಾರ ಅವರು ಪಾರಾಯಣಕ್ಕೆ ಕೂತಾಗ ಮಗುವನ್ನು ಅವರ ಮಡಿಲಲ್ಲಿ ಮಲಗಿಸಿ. ಆ ಸಾಲು ಬಂದಾಗ ಏನೂ ಹೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ.